ಕಾದಂಬರಿಗಳ ಬಗೆಯೂ ವಿಮರ್ಶೆಯ ಬಗೆಯೂ

ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯು 1899ರಲ್ಲಿ ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದಾಗ, ಕನ್ನಡದಲ್ಲಿ ಸ್ವತಂತ್ರವಾದ ಸಾಮಾಜಿಕ ಕಾದಂಬರಿಯೊಂದನ್ನು ಓದಬೇಕೆಂದು ಬಯಸಿದವನಿಗೆ ಆಯ್ಕೆಯ ತೊಡಕೆಂಬುದು ಇರಲೇ ಇಲ್ಲ. ಬಂಗಾಳಿಯಿಂದ ಬಿ. ವೆಂಕಟಾಚಾರ್ಯರೂ ಮರಾಠಿಯಿಂದ ಗಳಗನಾಥರೂ ಕನ್ನಡಿಸಿ ಕೊಟ್ಟ ಗ್ರಂಥಗಳನ್ನು ಕೂಡಿಸಿಕೊಂಡರೂ ಆ ಕಾಲದ ವಾಚಕನ ಕಪಾಟು ತುಂಬುತ್ತಿರಲಿಲ್ಲ. ಅಲ್ಲಿಂದೀಚೆಗೆ ಸಾಮಾಜಿಕ, ಐತಿಹಾಸಿಕ, ಪೌರಾಣಿಕ, ಪ್ರಾದೇಶಿಕ, ಮನೋವೈಜ್ಞಾನಿಕ, ಪತ್ತೇದಾರಿ ಎಂದು ಕವಲೊಡೆಯುತ್ತ ಬಂದ ಈ ಪ್ರಕಾರವು ಎಷ್ಟು ವಿಸ್ತಾರವಾಗಿ ಬೆಳೆದಿದೆಯೆಂದರೆ, ಸಾರ್ವಜನಿಕ ಗ್ರಂಥಾಲಯದ ಕಾದಂಬರಿ ವಿಭಾಗದ ಮುಂದೆ ನಿಂತ ಸಾಮಾನ್ಯ ಓದುಗನಿಗೆ ಯಾವುದನ್ನು ಕೈಗೆತ್ತಿಕೊಳ್ಳಬೇಕೆಂಬುದೇ ಒಂದು ಸಮಸ್ಯೆಯಾಗುತ್ತದೆ. ಬೆನ್ನುಡಿಯನ್ನು ನಂಬೋಣವೆಂದರೆ ಅದು ಪ್ರಕಾಶಕರ ಹಿತಕ್ಕಾಗಿ ಹುಟ್ಟಿದ್ದು; ಮುನ್ನುಡಿಯನ್ನು ನಂಬೋಣವೆಂದರೆ ಅದು ಬಹುಮಟ್ಟಿಗೆ ಸ್ನೇಹದ ದಾಕ್ಷಿಣ್ಯಕ್ಕೆ ಒಳಪಟ್ಟದ್ದು; ಪತ್ರಿಕೆಗಳ ‘ಸಾದರ ಸ್ವೀಕಾರ’ವು ಹೆಸರು, ಪುಟ, ಬೆಲೆಗಳನ್ನು ತಿಳಿಸಿ ಸುಮ್ಮನಾಗುತ್ತದೆ; ವಿದ್ವಾಂಸರ ವಿಮರ್ಶಾಗ್ರಂಥವಾದರೋ ಕಾದಂಬರಿಯನ್ನು ಈಗಾಗಲೇ ಓದಿ ಮುಗಿಸಿದವರಿಗಾಗಿ ಬರೆದದ್ದು. ಇವುಗಳ ನಡುವೆ ಉಳಿಯುವ ತೆರಪನ್ನು ತುಂಬತಕ್ಕವನು, ತನ್ನಂತೆಯೇ ಓದುವ ಇನ್ನೊಬ್ಬನಿಗೆ ತಾನು ಓದಿದುದರ ವಿಷಯವಾಗಿ ನಿರ್ವ್ಯಾಜವಾಗಿ ನಾಲ್ಕು ಮಾತು ಹೇಳಬಲ್ಲ ಸಹವಾಚಕನೇ. ಆ ನಾಲ್ಕು ಮಾತುಗಳು ಹೇಗಿರಬೇಕು, ಕಾದಂಬರಿಯ ಬಗೆ ಬದಲಾದಂತೆ ಅವು ಹೇಗೆ ಬದಲಾಗಬೇಕು ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸಬಹುದು.

ವಾಚಕನ ಈ ಹೊಣೆಯನ್ನು ನಮ್ಮ ಪ್ರಾಚೀನ ಆಲಂಕಾರಿಕರು ಅಲ್ಪವೆಂದು ಎಣಿಸಿರಲಿಲ್ಲ. ಹತ್ತನೆಯ ಶತಮಾನದ ಆದಿಭಾಗದ ರಾಜಶೇಖರನು ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ಪ್ರತಿಭೆಯನ್ನು ಇಬ್ಬಗೆಯಾಗಿ ವಿಂಗಡಿಸಿ, ಕವಿಗೆ ಉಪಕಾರಕವಾದುದನ್ನು ಕಾರಯಿತ್ರಿಯೆಂದೂ ಭಾವಕನಿಗೆ ಉಪಕಾರಕವಾದುದನ್ನು ಭಾವಯಿತ್ರಿಯೆಂದೂ ಕರೆದನು, ಎಂದರೆ, ರಚಿಸುವುದಕ್ಕೆ ಹೇಗೋ ಅರಿತು ಆಸ್ವಾದಿಸುವುದಕ್ಕೂ ಹಾಗೆಯೇ ಪ್ರತಿಭೆ ಬೇಕೆಂಬುದು ಅವನ ಮತ. ಅಷ್ಟಕ್ಕೇ ನಿಲ್ಲದೆ ಅವನು ಭಾವಕರಲ್ಲಿ ನಾಲ್ಕು ವರ್ಗಗಳನ್ನು ಗುರುತಿಸಿದನು: ಯಾವುದೂ ರುಚಿಸದ ಅರೋಚಕಿ, ಹುಲ್ಲುಸಹಿತವಾಗಿ ಎಲ್ಲವನ್ನೂ ಉಣ್ಣುವ ಸತೃಣಾಭ್ಯವಹಾರಿ, ಇತರರ ಗುಣವನ್ನು ಕಂಡರೂ ಕಾಣದಂತಿರುವ ಮತ್ಸರಿ, ಕೃತಿಯ ತಥ್ಯದಲ್ಲಿಯೇ ಮನಸ್ಸನ್ನು ನೆಟ್ಟ ತತ್ತ್ವಾಭಿನಿವೇಶಿ. ಈ ಕೊನೆಯವನು ಸಾವಿರದಲ್ಲಿ ಒಬ್ಬನು ಸಿಕ್ಕಿದರೆ ಸಿಕ್ಕಾನು ಎಂದು ಅವನೇ ಹೇಳಿದ್ದಾನೆ. ಸಾವಿರ ವರ್ಷಗಳ ಹಿಂದಿನ ಈ ವಿಂಗಡಣೆಯು ಇಂದಿಗೂ ಹಳತಾಗಿಲ್ಲವಾದರೂ, ಕಾದಂಬರಿಯ ಯುಗದಲ್ಲಿ ಅದಕ್ಕೊಂದು ಹೊಸ ತಿರುವು ಒದಗಿದೆ. ಈ ನಾಲ್ವರೂ ಈಗ ಬೇರೆಬೇರೆಯ ವ್ಯಕ್ತಿಗಳಾಗಿಯೇ ಇರಬೇಕೆಂದಿಲ್ಲ. ಐತಿಹಾಸಿಕ ಕಾದಂಬರಿಯೆಂದೊಡನೆ ಒಳ್ಳೆಯದು ಕೆಟ್ಟದ್ದೆನ್ನದೆ ಎಲ್ಲವನ್ನೂ ಮೆಚ್ಚುವ ಸತೃಣಾಭ್ಯವಹಾರಿಯು, ಪತ್ತೇದಾರಿ ಕಾದಂಬರಿಯ ಮುಖಪುಟವನ್ನು ಕಂಡ ಮಾತ್ರಕ್ಕೇ ಅರೋಚಕಿಯಾಗಿಬಿಡುವುದನ್ನೂ, ನವ್ಯದ ಸಣ್ಣ ಕಾದಂಬರಿಗಳನ್ನಲ್ಲದೆ ಬೇರೇನನ್ನೂ ಗಣಿಸದವನು ಜನಪ್ರಿಯ ಲೇಖಕರ ವಿಷಯದಲ್ಲಿ ಮತ್ಸರಿಯಾಗುವುದನ್ನೂ ನಾವು ನಿತ್ಯವೂ ಕಾಣುತ್ತೇವೆ. ಆದುದರಿಂದ ಬಗೆಬಗೆಯ ಕಾದಂಬರಿಗಳನ್ನು ಕುರಿತು ಬರೆಯಹೊರಟವನು ಮೊತ್ತಮೊದಲು ಜಯಿಸಬೇಕಾದುದು ತನ್ನ ಅಭಿರುಚಿಯ ಪಕ್ಷಪಾತವನ್ನು.

ಅದನ್ನು ಜಯಿಸುವ ಉಪಾಯವೇನು? ಪ್ರತಿಯೊಂದು ಕಾದಂಬರಿಯೂ ತನ್ನ ಮೊದಲ ಕೆಲವು ಪುಟಗಳಲ್ಲಿಯೇ ಓದುಗನಿಗೆ ಒಂದು ವಚನವನ್ನು ಕೊಟ್ಟಿರುತ್ತದೆ. ‘ನಿನ್ನ ಕುತೂಹಲವನ್ನು ಕೊನೆಯವರೆಗೆ ಕಾಯುತ್ತೇನೆ’ ಎಂದು ಒಂದು ಹೇಳಿದರೆ, ‘ಗತಿಸಿದ ಕಾಲವೊಂದನ್ನು ಕಣ್ಣ ಮುಂದೆ ನಿಲ್ಲಿಸುತ್ತೇನೆ’ ಎಂದು ಇನ್ನೊಂದೂ, ‘ನೀನು ದಿನವೂ ಕಂಡು ಕಾಣದ ಮನೆಯೊಳಗಿನ ಅನ್ಯಾಯವನ್ನು ಕಾಣಿಸುತ್ತೇನೆ’ ಎಂದು ಮತ್ತೊಂದೂ ಹೇಳುತ್ತದೆ. ಕೊಟ್ಟ ವಚನವೇನು, ಅದು ಎಷ್ಟರಮಟ್ಟಿಗೆ ನಡೆದಿದೆ, ನಡೆಯದಿದ್ದರೆ ಎಲ್ಲಿ ತಪ್ಪಿತು ಎಂಬಿವನ್ನು ಮೊದಲು ನಿರ್ಣಯಿಸಿ, ಆ ಬಳಿಕವಷ್ಟೇ ಆ ವಚನವು ಕೊಡತಕ್ಕಷ್ಟು ಬೆಲೆಯುಳ್ಳದ್ದಾಗಿತ್ತೇ ಎಂದು ಕೇಳುವುದು ನ್ಯಾಯ. ಔಚಿತ್ಯವನ್ನೇ ಕಾವ್ಯದ ಜೀವಿತವೆಂದು ಸಾರಿದ ಕ್ಷೇಮೇಂದ್ರನ ವಿಚಾರವನ್ನು ಕಾದಂಬರಿಗೆ ಅನ್ವಯಿಸಿದರೆ ದೊರೆಯುವ ನಿಯಮವೂ ಇದೇ. ಈ ಎರಡು ಪ್ರಶ್ನೆಗಳ ಕ್ರಮವನ್ನು ತಿರುವುಮುರುವು ಮಾಡುವುದರಿಂದಲೇ ನಮ್ಮ ಬಹಳಷ್ಟು ವಿಮರ್ಶೆಗಳು ಕೆಡುತ್ತವೆ.

ಮೊದಲಿಗೆ ಸಾಮಾಜಿಕ ಕಾದಂಬರಿಯನ್ನು ತೆಗೆದುಕೊಳ್ಳೋಣ. ಇದನ್ನು ವಿಮರ್ಶಿಸುವವರು ಸಾಮಾನ್ಯವಾಗಿ ಎಡವುವುದು ಉದ್ದೇಶದ ಔನ್ನತ್ಯವನ್ನು ಕೃತಿಯ ಔನ್ನತ್ಯವೆಂದು ಭ್ರಮಿಸುವುದರಲ್ಲಿ. ವಿಧವೆಯ ದುಃಖವನ್ನು ಕುರಿತದ್ದೆಂಬ ಮಾತ್ರದಿಂದ ಯಾವ ಕಾದಂಬರಿಯೂ ಶ್ರೇಷ್ಠವಾಗುವುದಿಲ್ಲ. ‘ಇಂದಿರಾಬಾಯಿ’ಗೆ ‘ಸದ್ಧರ್ಮ ವಿಜಯ’ವೆಂಬ ಇನ್ನೊಂದು ಹೆಸರಿದೆ, ಧರ್ಮವು ಗೆಲ್ಲುವುದೆಂಬುದನ್ನು ಆ ಹೆಸರೇ ಸಾರುವುದರಿಂದ, ಅಲ್ಲಿ ವಿಧವೆಯ ವಿದ್ಯಾಭ್ಯಾಸವೂ ಪುನರ್ವಿವಾಹವೂ ಸುಧಾರಕನ ನಿಶ್ಚಿತವಾದ ಪ್ರಮೇಯದಂತೆ ನಡೆದುಬರುತ್ತವೆ. ಇದಕ್ಕೆ ಮುಕ್ಕಾಲು ಶತಮಾನದ ಅನಂತರ, 1976ರಲ್ಲಿ, ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಬಂದಿತು. ಬಾಲ್ಯದಲ್ಲಿಯೇ ವೈಧವ್ಯಕ್ಕೆ ಈಡಾದ ಮಲೆನಾಡಿನ ಹೆಂಗಸೊಬ್ಬಳು ಯಾರನ್ನೂ ದೂರದೆ, ಯಾವ ಘೋಷಣೆಯನ್ನೂ ಮಾಡದೆ ಒಂದು ದೀರ್ಘ ಬಾಳನ್ನು ಬಾಳಿ, ಮುಪ್ಪಿನಲ್ಲಿ ತನ್ನ ಕಾಲದ ಆಚಾರವನ್ನು ಮೀರಿ ನಿಲ್ಲುವ ಧೈರ್ಯವನ್ನು ತೋರುವ ಕಥೆಯಿದು. ಎರಡರ ವಸ್ತುವೂ ಹೆಚ್ಚುಕಡಮೆ ಒಂದೇ. ಎರಡೂ ಕೊಡುವ ವಚನಗಳು ಮಾತ್ರ ಬೇರೆ. ಮೊದಲನೆಯದರಲ್ಲಿ ಫಣಿಯಮ್ಮನ ಮೌನವನ್ನು ಹುಡುಕುವುದೂ, ಎರಡನೆಯದರಲ್ಲಿ ಸುಧಾರಣೆಯ ಜಯಘೋಷವನ್ನು ಹುಡುಕುವುದೂ ಸಮಾನವಾದ ಅನ್ಯಾಯಗಳು.

ಮನಸ್ಸಿನ ಒಳಗನ್ನು ವಸ್ತುವಾಗಿಸಿಕೊಂಡ ಕಾದಂಬರಿಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. 1953ರಲ್ಲಿ ‘ಅಪಸ್ವರ’ದಿಂದ ಆರಂಭಿಸಿ, 1963ರಲ್ಲಿ ಅಕಾಲ ಮರಣಕ್ಕೆ ತುತ್ತಾಗುವವರೆಗಿನ ಹತ್ತು ವರ್ಷಗಳಲ್ಲಿ ತ್ರಿವೇಣಿಯವರು ಗಳಿಸಿದ ಓದುಗರ ಪ್ರೀತಿಯನ್ನು ‘ಹೆಂಗಸರ ಕಾದಂಬರಿ’ ಎಂಬ ಎರಡು ಮಾತುಗಳಲ್ಲಿ ತಳ್ಳಿಹಾಕಿದ ವಿಮರ್ಶೆಯು ಅವರ ಒಂದು ಮುಖ್ಯ ಗುಣವನ್ನು ಗಮನಿಸಲೇ ಇಲ್ಲ. ‘ಶರಪಂಜರ’ದ ಕಾವೇರಿಯ ದುರಂತವು ಅವಳಿಗೆ ಮನೋರೋಗ ಬಂದಿತೆಂಬುದರಲ್ಲಿ ಮಾತ್ರವೇ ಇಲ್ಲ, ಗುಣಹೊಂದಿ ಮರಳಿದ ಅವಳನ್ನು ಗುಣಹೊಂದಿದವಳೆಂದು ಒಪ್ಪಲು ಮನೆಯೂ ನೆರೆಹೊರೆಯೂ ಸಿದ್ಧವಾಗದಿರುವುದರಲ್ಲಿಯೇ ಅದರ ಕಾಠಿಣ್ಯವೆಲ್ಲ ಅಡಗಿದೆ. ಇಂಥ ಕೃತಿಯನ್ನು ಕುರಿತು ಬರೆಯುವವನು ಕಣ್ಣೀರು ಬಂದಿತೋ ಇಲ್ಲವೋ ಎಂಬುದನ್ನು ಹೇಳಿದರೆ ಸಾಲದು; ಆ ಕಣ್ಣೀರನ್ನು ಲೇಖಕಿ ನ್ಯಾಯವಾದ ಕಾರಣದಿಂದ ತರಿಸಿದಳೋ, ಬರಿಯ ಕಾಕತಾಳೀಯ ಘಟನೆಗಳನ್ನು ಪೇರಿಸಿ ತರಿಸಿದಳೋ ಎಂಬುದನ್ನು ಬಿಡಿಸಿ ತೋರಿಸಬೇಕು.

ಐತಿಹಾಸಿಕ ಕಾದಂಬರಿಯಲ್ಲಿ ಪ್ರಶ್ನೆಯು ಬೇರೊಂದು ರೂಪವನ್ನು ತಾಳುತ್ತದೆ. ಇಲ್ಲಿ ಕಥೆಯ ಕೊನೆಯು ಓದುಗನಿಗೆ ಮೊದಲೇ ತಿಳಿದಿರುತ್ತದೆ. 1834ರಲ್ಲಿ ಇಂಗ್ಲಿಷರು ಕೊಡಗನ್ನು ವಶಪಡಿಸಿಕೊಂಡರೆಂಬುದನ್ನು ಬಲ್ಲವನು ಮಾಸ್ತಿಯವರ ‘ಚಿಕವೀರ ರಾಜೇಂದ್ರ’ವನ್ನು ‘ಮುಂದೇನಾಯಿತು’ ಎಂಬ ಕಾತರದಿಂದ ಓದುವುದಿಲ್ಲ; ‘ಹೀಗೇಕಾಯಿತು’ ಎಂಬ ಚಿಂತೆಯಿಂದ ಓದುತ್ತಾನೆ. ಅರಸನ ದುರ್ವ್ಯಸನ, ಮಂತ್ರಿ ಬೋಪಣ್ಣನ ರೋಷ, ರಾಣಿ ಗೌರಮ್ಮಾಜಿಯ ಸಹನೆ, ಕುಂಟ ಬಸವನ ಸ್ವಾಮಿಭಕ್ತಿ ಇವೆಲ್ಲವೂ ಒಂದು ರಾಜ್ಯದ ಪತನಕ್ಕೆ ಹೇಗೆ ಒಂದೊಂದು ಕೈ ನೀಡಿದುವೆಂಬುದನ್ನು, ಯಾರ ಮೇಲೂ ಧ್ವನಿಯೇರಿಸದ ಸಮಾಧಾನಚಿತ್ತದಿಂದ, ಮಾಸ್ತಿಯವರು ನಿರೂಪಿಸುತ್ತಾರೆ. ಚಿತ್ರದುರ್ಗದ ಕಡೆಯ ದೊರೆ ಮದಕರಿನಾಯಕನು 1779ರಲ್ಲಿ ಹೈದರಾಲಿಗೆ ಸೋತ ವೃತ್ತಾಂತವನ್ನು ಹೇಳುವ ತ.ರಾ.ಸು. ಅವರ ‘ದುರ್ಗಾಸ್ತಮಾನ’ವೂ ಒಂದು ಸಂಸ್ಥಾನದ ಅಂತ್ಯದ ಕಥೆಯೇ. ಆದರೆ ದುರ್ಗದ ಮಣ್ಣಿನ ಅಭಿಮಾನದಲ್ಲಿ ಬೆಳೆದ ಲೇಖಕರ ಕೃತಿ ಅದು. ಅಲ್ಲಿ ವೀರವೂ ಕರುಣವೂ ಉಕ್ಕಿ ಹರಿಯುತ್ತವೆ. ಮಾಸ್ತಿಯವರಲ್ಲಿ ಆವೇಶವಿಲ್ಲವೆಂದು ದೂರುವವನೂ ತ.ರಾ.ಸು. ಅವರಲ್ಲಿ ಸಂಯಮವಿಲ್ಲವೆಂದು ದೂರುವವನೂ ಒಂದೇ ತಪ್ಪನ್ನು ಎರಡು ದಿಕ್ಕುಗಳಿಂದ ಮಾಡುತ್ತಾರೆ. ಐತಿಹಾಸಿಕ ಕಾದಂಬರಿಯಲ್ಲಿ ನಾವು ನಿಜವಾಗಿ ವಿಚಾರಿಸಬೇಕಾದುದು, ಆ ಕಾಲದ ಜನರು ಆ ಕಾಲದ ಜನರಂತೆಯೇ ಯೋಚಿಸುತ್ತಾರೆಯೋ, ಅಥವಾ ನಮ್ಮ ಕಾಲದ ಅಭಿಪ್ರಾಯಗಳನ್ನು ಪೇಟ ಜರತಾರಿಗಳ ಒಳಗಿಟ್ಟುಕೊಂಡು ಓಡಾಡುತ್ತಾರೆಯೋ ಎಂಬುದನ್ನು.

ಪ್ರದೇಶವೇ ನಾಯಕಸ್ಥಾನದಲ್ಲಿ ನಿಲ್ಲುವ ಬೃಹತ್ಕಾದಂಬರಿಯು ವಿಮರ್ಶಕನ ತಾಳ್ಮೆಯನ್ನು ಪರೀಕ್ಷಿಸುತ್ತದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಪ್ರಕಟವಾಯಿತು. ನಾಯಿಗುತ್ತಿಯಿಂದ ಹಿಡಿದು ಮುಕುಂದಯ್ಯನವರೆಗೆ, ಐತ ಪೀಂಚಲುಗಳಿಂದ ಹಿಡಿದು ಚಿನ್ನಮ್ಮನವರೆಗೆ, ಕೊನೆಗೆ ಹುಲಿಯನೆಂಬ ನಾಯಿಯವರೆಗೆ ಯಾರನ್ನೂ ಅಮುಖ್ಯರೆಂದು ಬದಿಗೆ ಸರಿಸದೆ ಸಾಗುವ ಆ ಕೃತಿಯಲ್ಲಿ ‘ಕಥೆ ನಿಧಾನವಾಯಿತು’ ಎಂದು ಗೊಣಗುವುದು ಸುಲಭ. ಆದರೆ ಮೈಸೂರಿನ ರಂಗಾಯಣವು 2010ರಲ್ಲಿ ಅದನ್ನು ಇರುಳಿಡೀ ನಡೆಯುವ ನಾಟಕವನ್ನಾಗಿ ರಂಗಕ್ಕೆ ತಂದಾಗ ಪ್ರೇಕ್ಷಕರು ಬೆಳಗಿನವರೆಗೆ ಕುಳಿತು ನೋಡಿದುದನ್ನು ನೆನೆದರೆ, ಆ ನಿಧಾನವು ಕೃತಿಯ ದೋಷವೋ ನಮ್ಮ ಅವಸರದ ದೋಷವೋ ಎಂದು ಮತ್ತೊಮ್ಮೆ ಯೋಚಿಸಬೇಕಾಗುತ್ತದೆ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯೂ ಕರಾವಳಿಯ ಒಂದು ಕುಟುಂಬದ ಮೂರು ತಲೆಮಾರುಗಳನ್ನು ಹೀಗೆಯೇ ಸಾವಧಾನವಾಗಿ ಹಿಂಬಾಲಿಸುತ್ತದೆ. ಇಂಥವನ್ನು ಇನ್ನೊಬ್ಬರಿಗೆ ಹೇಳುವಾಗ ‘ಒಂದು ಭಾನುವಾರದಲ್ಲಿ ಮುಗಿಸಲು ಹೋಗಬೇಡಿ, ಮೊದಲ ನೂರು ಪುಟಗಳವರೆಗೆ ಜನರ ಹೆಸರುಗಳನ್ನೂ ನಂಟುಗಳನ್ನೂ ನೆನಪಿನಲ್ಲಿಟ್ಟುಕೊಳ್ಳಿರಿ, ಆಮೇಲೆ ಕೃತಿಯೇ ನಿಮ್ಮನ್ನು ಕರೆದೊಯ್ಯುತ್ತದೆ’ ಎಂಬಷ್ಟು ಸೂಚನೆಯನ್ನು ಕೊಟ್ಟರೆ, ಅದು ಹತ್ತು ಪುಟದ ಪ್ರಶಂಸೆಗಿಂತ ಹೆಚ್ಚಿನ ಉಪಕಾರ.

ಇನ್ನು ಪತ್ತೇದಾರಿ ಕಾದಂಬರಿ. ವಿದ್ವತ್ಪರಿಷತ್ತುಗಳಲ್ಲಿ ಇದರ ಹೆಸರೆತ್ತುವವರು ವಿರಳ. ಆದರೂ ಬಸ್ ಕಂಡಕ್ಟರಾಗಿ ದುಡಿಯುತ್ತಿದ್ದ ಎನ್. ನರಸಿಂಹಯ್ಯನವರು ಬರೆದ ನೂರಾರು ಪತ್ತೇದಾರಿ ಕಾದಂಬರಿಗಳೂ, ಅವರ ಪತ್ತೇದಾರ ಪುರುಷೋತ್ತಮನೂ ಕನ್ನಡದಲ್ಲಿ ಎಷ್ಟು ಮಂದಿಗೆ ಓದುವ ಚಟವನ್ನೇ ಹತ್ತಿಸಿದರೆಂಬುದನ್ನು ಬಾಡಿಗೆ ಗ್ರಂಥಾಲಯಗಳನ್ನು ಕಂಡ ತಲೆಮಾರಿನವರು ಬಲ್ಲರು. ಇಲ್ಲಿ ವಚನವು ಸ್ಪಷ್ಟವಾದದ್ದು: ಒಗಟು ನ್ಯಾಯವಾದದ್ದಾಗಿರಬೇಕು, ಅದನ್ನು ಬಿಡಿಸಲು ಬೇಕಾದ ಸುಳಿವುಗಳು ಓದುಗನ ಕಣ್ಣಿಗೂ ಬಿದ್ದಿರಬೇಕು, ಆದರೂ ಅವನು ಮುಂದಾಗಿ ಊಹಿಸಲಾಗಬಾರದು. ಕೊನೆಯ ಅಧ್ಯಾಯದಲ್ಲಿ ಅದುವರೆಗೆ ಕಾಣದ ಒಬ್ಬನನ್ನು ತಂದು ನಿಲ್ಲಿಸಿ ಅವನೇ ಕೊಲೆಗಾರನೆಂದರೆ ಅದು ವಚನಭಂಗ. ಈ ಪರೀಕ್ಷೆಯಲ್ಲಿ ಗೆದ್ದ ಕೃತಿಯನ್ನು ಅದರ ಪಾತ್ರಗಳಿಗೆ ಗಹನತೆಯಿಲ್ಲವೆಂಬ ಕಾರಣದಿಂದ ಹಳಿಯುವುದು ಸಲ್ಲದು. ಅಂತೆಯೇ ಲೇಖಕರ ಹೆಸರಿನಿಂದಲೇ ಕೃತಿಯ ಬಗೆಯನ್ನು ನಿರ್ಧರಿಸುವುದೂ ಸಲ್ಲದು. ರೋಮಾಂಚಕ ಪತ್ತೇದಾರಿ ಕಥನಗಳಿಗೆ ಹೆಸರಾದ ಟಿ.ಕೆ. ರಾಮರಾಯರೇ ಮಣ್ಣಿನ ದುಡಿಮೆಯನ್ನು ಎತ್ತಿಹಿಡಿದ ‘ಬಂಗಾರದ ಮನುಷ್ಯ’ವನ್ನೂ ಬರೆದವರು.

ಕಥೆಯ ಕೊನೆಯನ್ನು ವಿಮರ್ಶೆಯಲ್ಲಿ ಬಿಟ್ಟುಕೊಡಬಹುದೇ ಎಂಬ ಚರ್ಚೆಗೆ ಉತ್ತರವೂ ಇಲ್ಲಿಯೇ ದೊರೆಯುತ್ತದೆ. ಪತ್ತೇದಾರಿ ಕಾದಂಬರಿಯ ರಹಸ್ಯವನ್ನು ಬಯಲುಮಾಡುವುದು ಅಕ್ಷಮ್ಯ. ಐತಿಹಾಸಿಕದಲ್ಲಿ ಬಯಲುಮಾಡಲು ರಹಸ್ಯವೇ ಇಲ್ಲ. ‘ಚೋಮನ ದುಡಿ’ಯಲ್ಲಿ ಸ್ವಂತ ಬೇಸಾಯದ ಚೋಮನ ಆಸೆಯು ಕೈಗೂಡುವುದೋ ಇಲ್ಲವೋ ಎಂಬುದಕ್ಕಿಂತ, ಆ ಆಸೆಯ ಸುತ್ತ ಸಮಾಜವು ಕಟ್ಟಿರುವ ಗೋಡೆಗಳ ಎತ್ತರವೇ ಮುಖ್ಯ. ಆದರೂ ಸಂದೇಹ ಬಂದಲ್ಲಿ ಹೇಳದಿರುವುದೇ ಲೇಸು. ಏಕೆಂದರೆ ಮೊದಲ ಓದು ಎಂಬುದು ಒಮ್ಮೆ ಮಾತ್ರ ಒದಗುವ ಸೌಭಾಗ್ಯ.

ಕೆಲವು ಕೃತಿಗಳು ಯಾವ ಒಂದು ವರ್ಗಕ್ಕೂ ಸೇರಲು ಒಪ್ಪುವುದಿಲ್ಲ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ವನ್ನು ಎಲ್ಲಿಡಬೇಕು? ಮೂಡಿಗೆರೆಯ ಸುತ್ತಿನ ಕಾಡಿನಲ್ಲಿ ಹಾರುವ ಓತಿಯನ್ನು ಹುಡುಕಿ ಹೊರಡುವ ವಿಜ್ಞಾನಿಯ ಕಥೆಯೆಂದರೆ ವೈಜ್ಞಾನಿಕ ಕಾದಂಬರಿಯೆನ್ನಿಸೀತು. ಜೇನು ಕೀಳುವ ಮಂದಣ್ಣನ ಪ್ರಸಂಗಗಳನ್ನು ನೆನೆದರೆ ಹಾಸ್ಯವೆನ್ನಿಸೀತು. ಜೀವವಿಕಾಸದ ಕಾಲಪ್ರಮಾಣದ ಎದುರಿನಲ್ಲಿ ಮನುಷ್ಯನು ನಿಂತ ಬಗೆಯನ್ನು ಯೋಚಿಸಿದರೆ ದರ್ಶನವೆನ್ನಿಸೀತು. 1979ರಲ್ಲಿ ಬಂದ ಭೈರಪ್ಪನವರ ‘ಪರ್ವ’ವನ್ನು ಪೌರಾಣಿಕವೆನ್ನೋಣವೆಂದರೆ, ಮಹಾಭಾರತದಿಂದ ಅಲೌಕಿಕವಾದುದನ್ನೆಲ್ಲ ಕಳಚಿ, ವರಶಾಪಗಳಿಲ್ಲದೆ, ಕುಲ, ಭೂಮಿ, ಕಾಮ, ಮುಪ್ಪುಗಳ ಲೌಕಿಕ ಸಂಕಟಗಳಲ್ಲಿ ಆ ಜನರನ್ನು ನಿಲ್ಲಿಸುವುದೇ ಅದರ ಸಂಕಲ್ಪ. ಅದರಲ್ಲಿ ಭಕ್ತಿಯನ್ನು ಅರಸಿ ಹೋದವನು ನಿರಾಶನಾದರೆ ತಪ್ಪು ಲೇಖಕರದಲ್ಲ. ಮುಂಚಿತವಾಗಿ ಎಚ್ಚರಿಸದ ಸಮೀಕ್ಷಕನದು. 1965ರ ‘ಸಂಸ್ಕಾರ’ದಲ್ಲಿ ದೂರ್ವಾಸಪುರದ ಅಗ್ರಹಾರದೊಳಗೆ ಬಿದ್ದಿರುವ ನಾರಣಪ್ಪನ ಶವಕ್ಕೆ ಸಂಸ್ಕಾರ ಮಾಡುವವರಾರೆಂಬ ಪ್ರಶ್ನೆಯು ಪ್ರಾಣೇಶಾಚಾರ್ಯರ ಬಾಳಿನ ಪ್ರಶ್ನೆಯಾಗಿ ತಿರುಗುವಾಗ, ಅದನ್ನು ಅಗ್ರಹಾರದ ವಾಸ್ತವಚಿತ್ರವೆಂದಷ್ಟೇ ಓದಿ ‘ಹೀಗೆಲ್ಲಿಯಾದರೂ ಉಂಟೇ’ ಎಂದು ವಾದಿಸುವವನೂ, ಬರಿಯ ಸಂಕೇತಗಳ ಗಂಟೆಂದು ಓದಿ ಅದರ ಜೀವಂತ ಮನುಷ್ಯರನ್ನು ಮರೆಯುವವನೂ ಅರ್ಧವನ್ನಷ್ಟೇ ಓದಿದಂತೆ.

ಭಾಷೆಯ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ಯು 1984ರಲ್ಲಿ ಬಂದಾಗ, ನಂಜನಗೂಡಿನ ಕಡೆಯ ಆಡುನುಡಿಯಲ್ಲಿ ಆಮೂಲಾಗ್ರವಾಗಿ ನಡೆಯುವ, ದೀಪದ ಜೋತಮ್ಮಗಳೇ ಕೂಡಿ ಮಾತಾಡಿಕೊಳ್ಳುವ ಆ ಪುಟ್ಟ ಕೃತಿಯ ಮುಂದೆ ಗ್ರಾಂಥಿಕ ಕನ್ನಡದಲ್ಲಿ ಪಳಗಿದ ಓದುಗರು ತಬ್ಬಿಬ್ಬಾದರು. ವಿದ್ವಾಂಸರಾದ ಎಲ್. ಬಸವರಾಜು ಅವರು ಅದರ ಗದ್ಯವನ್ನು ಪದ್ಯದ ಸಾಲುಗಳಾಗಿ ಬಿಡಿಸಿ ಹೊಂದಿಸಿದಾಗ, ಅನೇಕರಿಗೆ ಅದರ ಲಯವೂ ಅರ್ಥವೂ ಒಟ್ಟಿಗೇ ತೆರೆದುಕೊಂಡುವು. ‘ಅರ್ಥವಾಗಲಿಲ್ಲ’ ಎಂಬುದನ್ನು ಕೃತಿಯ ಮೇಲಿನ ತೀರ್ಪಾಗಿ ಬರೆಯದೆ, ‘ಗಟ್ಟಿಯಾಗಿ ಓದಿ ನೋಡಿರಿ’ ಎಂಬ ಸಲಹೆಯಾಗಿ ಮಾರ್ಪಡಿಸಬಲ್ಲವನೇ ನಿಜವಾದ ಸಹವಾಚಕ.

ಇನ್ನು ಬರೆಯುವ ಕ್ರಮ. ಕಥಾಸಾರಕ್ಕೆ ಒಟ್ಟು ಬರಹದ ಕಾಲುಭಾಗಕ್ಕಿಂತ ಹೆಚ್ಚು ಸ್ಥಳ ಸಲ್ಲದು. ಕಥೆಯನ್ನು ಕಾದಂಬರಿಕಾರರೇ ನಮಗಿಂತ ಚೆನ್ನಾಗಿ ಹೇಳಿದ್ದಾರೆ. ಮೆಚ್ಚಿದುದಕ್ಕೂ ಮೆಚ್ಚದುದಕ್ಕೂ ಒಂದೊಂದಾದರೂ ಸನ್ನಿವೇಶವನ್ನು ಸಾಕ್ಷಿಯಾಗಿ ಕೊಡಬೇಕು. ‘ಶೈಲಿ ಸುಂದರವಾಗಿದೆ, ಪಾತ್ರಚಿತ್ರಣ ಸಹಜವಾಗಿದೆ, ಮುಖಪುಟ ಆಕರ್ಷಕವಾಗಿದೆ’ ಎಂಬ ಸಿದ್ಧಮಾತುಗಳನ್ನು ಯಾವ ಪುಸ್ತಕಕ್ಕೆ ಬೇಕಾದರೂ ಅಂಟಿಸಬಹುದಾದುದರಿಂದ ಅವುಗಳಿಂದ ಯಾರಿಗೂ ಪ್ರಯೋಜನವಿಲ್ಲ. ಕೃತಿಯು ಮೊದಲು ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದುದಾದರೆ ಅದನ್ನು ತಿಳಿಸುವುದು ಒಳ್ಳೆಯದು. ಪ್ರತಿ ಅಧ್ಯಾಯದ ತುದಿಯಲ್ಲಿಯೂ ಒಂದು ಕುತೂಹಲದ ಗಂಟು ಏಕೆ ಬೀಳುತ್ತದೆಂಬುದು ಆಗ ಓದುಗನಿಗೆ ಅರ್ಥವಾಗುತ್ತದೆ. ಅನುವಾದವಾದರೆ ಅನುವಾದಕರ ಹೆಸರನ್ನೂ ಕನ್ನಡದ ಸಹಜತೆಯನ್ನೂ ಪ್ರಸ್ತಾಪಿಸದ ವಿಮರ್ಶೆಯು ಅಪೂರ್ಣ. ಚಲನಚಿತ್ರವಾದ ಕಾದಂಬರಿಯಾದರೆ ಚಿತ್ರವನ್ನು ಪಕ್ಕಕ್ಕಿಟ್ಟು ಪುಸ್ತಕದ ಮಾತನ್ನೇ ಆಡಬೇಕು. ‘ಶರಪಂಜರ’ವನ್ನಾಗಲಿ ‘ಬಂಗಾರದ ಮನುಷ್ಯ’ವನ್ನಾಗಲಿ ತೆರೆಯ ಮೇಲೆ ಕಂಡವರ ಸಂಖ್ಯೆ ಓದಿದವರ ಸಂಖ್ಯೆಗಿಂತ ಬಹಳ ದೊಡ್ಡದು.

ಹಾಗಾದರೆ ಎಲ್ಲ ಬಗೆಯ ಕಾದಂಬರಿಗಳೂ ಸಮಾನವೇ, ಪುರುಷೋತ್ತಮನ ಸಾಹಸಕ್ಕೂ ಮದುಮಗಳ ಮಲೆನಾಡಿಗೂ ತಾರತಮ್ಯವಿಲ್ಲವೇ ಎಂದು ಕೇಳುವವರಿದ್ದಾರೆ. ತಾರತಮ್ಯವಿದೆ, ಅದನ್ನು ಹೇಳಲು ಸಂಕೋಚಪಡಬೇಕಾಗಿಲ್ಲ. ಒಂದು ರಾತ್ರಿಯ ಬೇಸರವನ್ನು ಕಳೆದು ತನ್ನ ವಚನವನ್ನು ಪೂರೈಸುವ ಕೃತಿಗಿಂತ, ನಮ್ಮ ಜೀವನದೃಷ್ಟಿಯನ್ನೇ ಕದಲಿಸಿ ಹತ್ತು ವರ್ಷಗಳ ಅನಂತರವೂ ಮತ್ತೊಮ್ಮೆ ಓದಿಸಿಕೊಳ್ಳುವ ಕೃತಿಯು ದೊಡ್ಡದು. ಆದರೆ ಈ ತಾರತಮ್ಯವು ವರ್ಗದಿಂದ ಬರುವುದಲ್ಲ, ಕೃತಿಯಿಂದ ಬರುವುದು. ವಚನ ಪಾಲಿಸಿದ ಪತ್ತೇದಾರಿ ಕಾದಂಬರಿಯು, ವಚನ ತಪ್ಪಿದ ಮಹಾಕಾದಂಬರಿಗಿಂತ ಖಂಡಿತವಾಗಿಯೂ ಮೇಲು.

ಕನ್ನಡದಲ್ಲಿ ಬರೆಯುವವರಿಗೇನೂ ಕೊರತೆಯಿಲ್ಲ, ಓದುವವರೂ ಇದ್ದಾರೆ, ಓದಿದುದನ್ನು ಇನ್ನೊಬ್ಬ ಓದುಗನಿಗೆ ತೂಕವಾಗಿ ತಿಳಿಸುವವರು ಮಾತ್ರ ವಿರಳ. ಆದುದರಿಂದ ಈ ಲೇಖನವನ್ನು ಓದಿದವರಲ್ಲಿ ನನ್ನ ವಿನಂತಿ ಇಷ್ಟೇ: ಮುಂದಿನ ಸಲ ಒಂದು ಕಾದಂಬರಿಯನ್ನು ಮುಗಿಸಿದಾಗ, ಅದು ಯಾವ ಬಗೆಯದೇ ಆಗಿರಲಿ, ಅದು ಏನನ್ನು ಕೊಡುವೆನೆಂದಿತು, ಏನನ್ನು ಕೊಟ್ಟಿತು, ಯಾರು ಓದಿದರೆ ಸಂತೋಷಪಟ್ಟಾರು ಎಂಬ ಮೂರು ಮಾತುಗಳನ್ನು ಒಂದು ಪುಟದಲ್ಲಿ ಬರೆದು ಒಬ್ಬ ಸ್ನೇಹಿತನಿಗೋ ನಿಮ್ಮೂರಿನ ವಾಚನಾಲಯಕ್ಕೋ ಪತ್ರಿಕೆಗೋ ಕಳುಹಿಸಿರಿ. ಪುಸ್ತಕವನ್ನು ಆರಿಸಿಕೊಳ್ಳಲಾರದೆ ನಿಂತಿರುವ ಓದುಗನಿಗೆ ಬೇಕಾಗಿರುವುದು ಆ ಒಂದು ಪುಟ.